ಚಿಕ್ಕಂದಿನ ಹಿಟ್ ಹಾಡು ಈಗ ಮೊಬೈಲಲ್ಲಿ ಕೇಳಿದರೆ ಸಪ್ಪೆ ಅನ್ನಿಸುತ್ತೆ. ಹಳೇ ಕ್ಯಾಸೆಟ್ಟು, ಟೇಪ್ ರೆಕಾರ್ಡರ್ ಕೊಂಡು ಕೇಳಿದರೆ ಆ ಖುಷಿ ವಾಪಸ್ ಬರುತ್ತಾ?

ಬರಲ್ಲ. ನಾನು ಇದನ್ನೇ ಮಾಡಿ ಕೈ ಸುಟ್ಟುಕೊಂಡವನು.

ನಿಮ್ಮ ಹಾಡು ಯಾವುದೋ ನೀವು ಬರೆದಿಲ್ಲ. ನನ್ನದು ಅಲೀಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’, 1995ರದ್ದು. ಆಗ ನಾವು ಮಂಡ್ಯದಲ್ಲಿದ್ದೆವು. ನನಗೆ ಒಂಬತ್ತು ವರ್ಷ, ಅಕ್ಕ ಪಿಯುಸಿ. ಹಿಂದಿ ಇಬ್ಬರಿಗೂ ಅಷ್ಟಕ್ಕಷ್ಟೇ. ಆದರೂ ಎದುರು ಮನೆಯ ಟಿ.ವಿ.ಯಲ್ಲಿ ಆ ಹಾಡು ಬಂತೆಂದರೆ ಅಕ್ಕ ರಾಗಿ ಬೀಸುವುದನ್ನೂ ಬಿಟ್ಟು ಓಡುತ್ತಿದ್ದಳು. ಒಬ್ಬಳು ರಾಜಕುಮಾರಿ, ದೇಶದೇಶದ ಗಂಡುಗಳು ಬಂದರೂ ಯಾರನ್ನೂ ಒಪ್ಪಲ್ಲ. ಕೊನೆಗೆ ಒಂದು ಮರದ ಪೆಟ್ಟಿಗೆ ಬರುತ್ತೆ, ಅದರೊಳಗಿಂದ ಮಿಲಿಂದ್ ಸೋಮನ್ ಎದ್ದು ಬರುತ್ತಾನೆ. ಸಂಗೀತ ಯಾರದ್ದೆಂದು ನೋಡಿದರೆ ‘ಬಿದ್ದು’ ಅಂತ ಹೆಸರು. ‘ಬಿದ್ದು ಅಂತ ಯಾರಾದ್ರೂ ಹೆಸ್ರು ಮಡಗ್ತರೇನ್ಲಾ, ಎದ್ದು ಅಂತನಾದ್ರೂ ಮಡಗ್ಬಾರ್ದಾ’ ಅಂತ ಅಕ್ಕ ನಕ್ಕಿದ್ದೇ ನಕ್ಕಿದ್ದು.

ಬಿದ್ದು ನಮ್ಮ ಕಡೆಯವರೇ ಅಂತ ಆಗ ಯಾರಿಗೆ ಗೊತ್ತಿತ್ತು! ಕೊಡವರು, ಹುಟ್ಟಿದ್ದು ಬೆಂಗಳೂರಿನಲ್ಲಿ. ಅಲ್ಲೇ ‘ಟ್ರೋಜನ್ಸ್’ ಅನ್ನೋ ಬ್ಯಾಂಡಿನಲ್ಲಿ ಹಾಡಿಕೊಂಡಿದ್ದು, ಅರವತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೊರಟುಹೋದವರು. 1974ರಲ್ಲಿ ಕಾರ್ಲ್ ಡಗ್ಲಸ್ ಕೈಲಿ ‘ಕುಂಗ್ ಫೂ ಫೈಟಿಂಗ್’ ಹಾಡಿಸಿ ಇಂಗ್ಲೆಂಡು, ಅಮೆರಿಕ ಎರಡೂ ಕಡೆ ಒಂದನೇ ಸ್ಥಾನಕ್ಕೆ ಏರಿಸಿದರು. ಅದೂ ರೆಕಾರ್ಡಿನ ಹಿಂಬದಿ ತುಂಬಿಸೋಕೆ ಅಂತ ಆತುರದಲ್ಲಿ ಮುಗಿಸಿದ ಹಾಡು! ಆಮೇಲೆ 1980ರ ‘ಕುರ್ಬಾನಿ’ ಸಿನಿಮಾಕ್ಕೆ ನಾಜಿಯಾ ಹಸನ್ ಕೈಲಿ ‘ಆಪ್ ಜೈಸಾ ಕೋಯಿ’. ‘ಮೇಡ್ ಇನ್ ಇಂಡಿಯಾ’ವನ್ನೂ ಮೊದಲು ನಾಜಿಯಾಗೇ ಕೊಡಬೇಕು ಅಂತಿದ್ದರಂತೆ. ಪಾಕಿಸ್ತಾನದವಳು ಈ ಹಾಡು ಹಾಡಿದರೆ ಅಲ್ಲಿನವರು ಏನಂತಾರೋ ಅಂತ ಆಕೆ ಬೇಡ ಅಂದರಂತೆ. ಹಾಗೆ ಅಲೀಶಾಗೆ ಬಂತು, ಮಂಡ್ಯಕ್ಕೂ ಬಂತು.

ಒರಿಜಿನಲ್ ಕ್ಯಾಸೆಟ್ಟಿಗೆ ನಮ್ಮ ಹತ್ತಿರ ದುಡ್ಡೆಲ್ಲಿ? ಪೇಟೆ ಬೀದಿ ಕಡೆ ರೆಕಾರ್ಡಿಂಗ್ ಅಂಗಡಿ ಇತ್ತು. ಹಾಡಿನ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡೋರು. ಜಾಸ್ತಿ ಹಾಡು ಹಿಡಿಯಲಿ ಅಂತ ಅಕ್ಕ ತೊಂಬತ್ತು ನಿಮಿಷದ ಸಿ-90 ತೆಗೆದುಕೊಂಡಳು. ಅದರ ಟೇಪು ಸಿ-60ಕ್ಕಿಂತ ತೆಳು, ಬೇಗ ಸಿಕ್ಕಿಕೊಳ್ಳುತ್ತೆ. ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ ಇದ್ದ ನಮ್ಮ ಟೂ-ಇನ್-ಒನ್ನು ಒಂದೇ ವಾರದಲ್ಲಿ ಅದನ್ನು ಕಚ್ಚಿ ಎಳೆಯಿತು. ಅಕ್ಕ ಬಿಡಿಸಿ, ಪೆನ್ನು ತೂರಿಸಿ ಸುತ್ತಿದಳು. ಸುಕ್ಕು ಮಾತ್ರ ಹೋಗಲಿಲ್ಲ. ಕೊನೇ ಪಲ್ಲವಿಗೆ ಮುಂಚೆ ಅಲೀಶಾ ದನಿ ನಾಲೆಗೆ ಬಿದ್ದ ಹಾಗೆ ಗುಳುಕ್ ಅಂತ ಮುಳುಗಿ, ಮತ್ತೆ ಏಳುತ್ತಿತ್ತು. ಸಾಲದ್ದಕ್ಕೆ ಕರೆಂಟು. ಹೋದರೆ ಸೆಲ್ಲು ಹಾಕಬೇಕು. ಸೆಲ್ಲು ಸೋತರೆ ಬಿಸಿಲಿಗಿಟ್ಟು ಮತ್ತೆ ಹಾಕಬೇಕು. ಬಿಸಿಲು ಕುಡಿದ ಸೆಲ್ಲಿನಲ್ಲಿ ಮೋಟರು ನಿಧಾನ ತಿರುಗುತ್ತೆ, ದನಿ ದಪ್ಪ ಆಗುತ್ತೆ. ನಮ್ಮ ಮನೆಯ ಅಲೀಶಾಗೆ ವರ್ಷವಿಡೀ ನೆಗಡಿ.

1996ರ ಗಣೇಶನ ಹಬ್ಬಕ್ಕೆ ನಮ್ಮ ಬೀದಿಯಲ್ಲಿ ಮಕ್ಕಳ ಡ್ಯಾನ್ಸು ಇಟ್ಟರು. ಅಕ್ಕ ರಾಜಕುಮಾರಿ. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ತಂದು, ಅದರೊಳಗೆ ಬರಿಮೈಯಲ್ಲಿ, ಭುಜಕ್ಕೆ ಕೊಬ್ಬರಿ ಎಣ್ಣೆ ಸವರಿಸಿ ನನ್ನನ್ನು ಕೂರಿಸಿದಳು. ‘ಹಾಡು ಮುಳ್ಗಿ ಎದ್ಮೇಲೆ ಒಂದು ಎರಡು ಎಣಿಸ್ಬುಟ್ಟು ಬಾ ಈಚೆಗೆ.’ ಅಷ್ಟೇ ನನಗಿದ್ದ ಸೂಚನೆ, ತಿಂಗಳಿಡೀ ಅದನ್ನೇ ಅಭ್ಯಾಸ ಮಾಡಿದ್ದೆ. ಕಾರ್ಯಕ್ರಮದ ಹೊತ್ತಿಗೆ ಅಕ್ಕ ಕ್ಯಾಸೆಟ್ ಕೊಡಕ್ಕೆ ಹೋದರೆ ಮೈಕ್‌ಸೆಟ್ಟಿನವನು, ‘ನಮ್ಮತ್ರಾನೇ ಒರಿಜಿನಲ್ ಐತೆ ಕಣವ್ವ’ ಅಂದ. ಒರಿಜಿನಲ್ ಮುಳುಗಲ್ಲವಲ್ಲ! ನಾನು ಕತ್ತಲಲ್ಲಿ ಕಿವಿಗೊಟ್ಟು ಕೂತೇ ಇದ್ದೆ. ಹಾಡು ಮುಗಿಯಿತು. ಚಪ್ಪಾಳೆ ಬಿತ್ತು. ಅಕ್ಕ ಪೆಟ್ಟಿಗೆಗೆ ಒದ್ದಳು. ಆಗಲೂ ನಾನು ಬರಲಿಲ್ಲ, ಇನ್ನೂ ಮುಳುಗಿಲ್ಲವಲ್ಲ ಅಂತ. ಮುಂದಿನ ಹಾಡಿಗೆ ಎರಡು ಹುಡುಗರು ಪೆಟ್ಟಿಗೆ ಸಮೇತ ನನ್ನನ್ನು ಹೊತ್ತುಕೊಂಡು ಹೋಗಿ ಪಕ್ಕಕ್ಕಿಟ್ಟರು.

ಈಗ ತಪ್ಪಿನ ವಿಷಯ. ಎರಡು ವರ್ಷದ ಹಿಂದೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿನ ಬಿಸ್ಕತ್ ಡಬ್ಬದಲ್ಲಿ ಆ ಕ್ಯಾಸೆಟ್ ಸಿಕ್ಕಿತು. ನಾನೂ ನಿಮ್ಮ ಹಾಗೇ ಯೂಟ್ಯೂಬಲ್ಲಿ ಕೇಳಿ ಕೇಳಿ, ಏನೋ ಕಮ್ಮಿ ಅಂತ ಕೊರಗುತ್ತಿದ್ದವನು. ತಕ್ಷಣ ಮೈಸೂರಿಗೆ ಹೋಗಿ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಟೂ-ಇನ್-ಒನ್ ಕೊಂಡೆ. ‘ಎಲ್ಲಾ ಕರೆಕ್ಟಾಗಿದೆ ಸಾರ್, ಕೇಳಿ ನೋಡಿ’ ಅಂತ ಅವನು ಹಾಕಿ ತೋರಿಸಿದ್ದು ಎಫ್.ಎಂ. 100.6, ಮೈಸೂರು ಆಕಾಶವಾಣಿ. ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ ಊರಲ್ಲವಾ, ರೇಡಿಯೋ ಚೆನ್ನಾಗೇ ಹಾಡಿತು. ಕ್ಯಾಸೆಟ್ ಹಾಕಿ ತೋರಿಸು ಅಂತ ನಾನು ಕೇಳಲಿಲ್ಲ. ಆದರೆ ನನ್ನ ತಪ್ಪು ಅದಲ್ಲ.

ಭಾನುವಾರ ಅಕ್ಕ ಮಕ್ಕಳನ್ನು ಕರಕೊಂಡು ಬಂದಿದ್ದಳು. ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ, ಕ್ಯಾಸೆಟ್ ಕೈಲಿ ಹಿಡಿದಿದ್ದೆ. ಅವ್ವ ಅಂದಳು, ‘ಮೊದ್ಲು ನಿಮ್ಮಪ್ಪನ ಹರಿಕಥೆ ಕ್ಯಾಸೆಟ್ ಯಾವುದಾರ ಹಾಕ್ನೋಡ್ಲಾ.’ ಹರಿಕಥೆ ಕ್ಯಾಸೆಟ್ಟು ಅದೇ ಡಬ್ಬದಲ್ಲಿ ಹನ್ನೊಂದಿದ್ದವು. ಹನ್ನೊಂದು! ಒಂದನ್ನು ಎತ್ತಿ ಹಾಕಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಟೇಪನ್ನು ಎಳೆಯುವ ರಬ್ಬರ್ ಉರುಳೆ ವರ್ಷಾನುಗಟ್ಟಲೆ ಸುಮ್ಮನಿದ್ದರೆ ಅಂಟಂಟಾಗುತ್ತೆ. ಸುತ್ತಿಕೊಳ್ಳುವ ಚಕ್ರಕ್ಕೆ ಹಾಕಿರುವ ಬೆಲ್ಟು ಡಾಂಬರಿನ ಹಾಗೆ ಕರಗಿ ಜಾರುತ್ತೆ. ಉರುಳೆ ಟೇಪನ್ನು ಎಳೆದು ಕೊಡುತ್ತಲೇ ಇರುತ್ತೆ, ಚಕ್ರ ಸುತ್ತಿಕೊಳ್ಳುವುದಿಲ್ಲ. ಆಗ ಟೇಪು ಉರುಳೆಗೇ ಸುತ್ತಿಕೊಳ್ಳುತ್ತೆ. ನೆಟ್ಟಗಿರುವ ಟೇಪು ಹೇಗೋ ದಾಟಿಕೊಂಡು ಹೋದರೂ ಹೋದೀತು, ಸುಕ್ಕಿರುವ ಜಾಗ ದಾಟಲ್ಲ. ಅಂದರೆ ನನಗೆ ಬೇಕಿದ್ದ ಜಾಗವನ್ನೇ ಹುಡುಕಿ ಹಿಡಿಯುತ್ತೆ. ಇಷ್ಟೆಲ್ಲ ಆಮೇಲೆ ಕಲಿತಿದ್ದು, ಕಲಿಯೋದೇನೂ ಬೇಕಿರಲಿಲ್ಲ, ಅವ್ವನ ಮಾತು ಕೇಳಿದ್ದರೆ ಸಾಕಿತ್ತು. ಯಾಕೆ ಕೇಳಲಿಲ್ಲ? ಹರಿಕಥೆ ಹಾಕಿದರೆ ಮಕ್ಕಳು ಎದ್ದು ಹೋಗುತ್ತಾರೆ ಅಂತ. ಫೋನಿನಲ್ಲಾದರೂ ರೆಕಾರ್ಡ್ ಒತ್ತಿ ಇಟ್ಟಿದ್ದರೆ ಆ ಗುಳುಕ್ ಉಳಿಯುತ್ತಿತ್ತು, ಅದನ್ನೂ ಮಾಡಲಿಲ್ಲ.

ಹಾಡು ಶುರುವಾಯಿತು. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. ಕೊನೇ ಪಲ್ಲವಿ ಹತ್ತಿರ ಬಂತು, ಇಬ್ಬರೂ ಉಸಿರು ಹಿಡಿದೆವು. ದನಿ ಮುಳುಗಿತು, ಏಳಲಿಲ್ಲ. ಒಳಗೆ ಕರಕರ ಅಂತ ಸದ್ದು. ನಾನು ಗಾಬರಿಯಲ್ಲಿ ಬಾಗಿಲು ತೆಗೆದು ಎಳೆದೆ. ನಿಧಾನಕ್ಕೆ ಉರುಳೆಯನ್ನು ಹಿಂದಕ್ಕೆ ತಿರುಗಿಸಬೇಕಿತ್ತು, ಎಳೆಯಬಾರದಿತ್ತು. ತುಂಡಾಯಿತು. ಜಜ್ಜಿ ಹೋದ ಭಾಗ ಕತ್ತರಿಸಿದರೆ ಒಂದು ಗೇಣು. ಕ್ಯಾಸೆಟ್ ಟೇಪು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಗೇಣೆಂದರೆ ಹತ್ತಿರ ಹತ್ತಿರ ನಾಲ್ಕೂವರೆ ಸೆಕೆಂಡು. ಉಳಿದಿದ್ದನ್ನು ಸೆಲ್ಲೊ ಟೇಪ್ ಹಾಕಿ ಅಂಟಿಸಿದೆ, ಅದೂ ತಪ್ಪು. ಅದರ ಗೋಂದು ಬಿಸಿಲಿಗೆ ಒಸರಿ ಪಕ್ಕದ ಸುತ್ತಿಗೂ ಅಂಟುತ್ತೆ.

ಈಗ ನಿಮ್ಮ ಪ್ರಶ್ನೆ. ಹಾಡು ಸಪ್ಪೆ ಆಗಿದೆ ಅಂತೀರಲ್ಲ, ಅದನ್ನೇ ನಾನು ಒಪ್ಪಲ್ಲ. ವಯಸ್ಸಾಯಿತು, ಕಾಲ ಬದಲಾಯಿತು ಅಂತ ಬೇರೆಯವರು ಬರೆದಿರುವ ಉತ್ತರವನ್ನೂ ಒಪ್ಪಲ್ಲ. ನೀವು ಆಗ ಕೇಳಿದ್ದು ಬೇರೆ ಹಾಡು ಸ್ವಾಮಿ! ನಿಮ್ಮ ಮನೆಯ ಟೇಪಿನದ್ದು, ನಿಮ್ಮ ಮನೆಯ ಕರೆಂಟಿನದ್ದು. ಕಂಪನಿಯ ಕ್ಯಾಸೆಟ್ ದುಬಾರಿ ಬೆಲೆ ಕೊಟ್ಟು ತಂದು, ಸರ್ವೀಸ್ ಮಾಡಿಸಿದ ಪ್ಲೇಯರಿಗೆ ಹಾಕಿದರೆ ಯೂಟ್ಯೂಬಲ್ಲಿ ಬರುವುದೇ ಸ್ವಲ್ಪ ಸರಸರ ಸದ್ದಿನ ಜೊತೆ ಬರುತ್ತೆ. ಅದಕ್ಕೆ ಯಾಕೆ ದುಡ್ಡು? ನಿಮ್ಮ ಸ್ವಂತ ಕ್ಯಾಸೆಟ್ ಇನ್ನೂ ಇದ್ದರೆ ಮಾತ್ರ ವಿಷಯ ಬೇರೆ. ಮುಟ್ಟಬೇಡಿ, ಹಾಕಬೇಡಿ, ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಕೊಡುವ ಅನುಭವಸ್ಥರ ಕೈಗೆ ಕೊಡಿ.

ಇಲ್ಲದಿದ್ದರೆ ಒಂದು ಉಪಾಯ. ಯೂಟ್ಯೂಬಿನಲ್ಲೇ ವೇಗ ಕಮ್ಮಿ ಮಾಡಿದರೆ ಆಗಲ್ಲ, ಅದು ಶ್ರುತಿಯನ್ನು ಹಾಗೇ ಉಳಿಸಿಕೊಳ್ಳುತ್ತೆ. ಹಾಡಿನ ಫೈಲನ್ನು ಆಡಾಸಿಟಿ ಅನ್ನೋ ಪುಕ್ಕಟೆ ಸಾಫ್ಟ್‌ವೇರಿಗೆ ಹಾಕಿ ವೇಗವನ್ನು ನೂರಕ್ಕೆ ಆರರಷ್ಟು ಇಳಿಸಿ. ಶ್ರುತಿ ಹೆಚ್ಚು ಕಮ್ಮಿ ಅರ್ಧ ಸ್ವರ ಇಳಿಯುತ್ತೆ, ಬಿಸಿಲಿಗಿಟ್ಟ ಸೆಲ್ಲಿನ ದನಿ ಬರುತ್ತೆ. ನಾನು ಹಾಗೆ ಮಾಡಿ ಅಕ್ಕನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಕೇಳಿ ಮುಗಿಸಿದವಳೇ ಫೋನ್ ಮಾಡಿದಳು. ‘ಇದೇ ಕಣ್ಲಾ, ಇದೇ! ಆದ್ರೆ ಮುಳುಗ್ನೇ ಇಲ್ವಲ್ಲೋ.’ ಆ ಗುಳುಕ್ ಅನ್ನು ಕೈಯಾರೆ ಮಾಡಲು ಮೂರು ಸಂಜೆ ಒದ್ದಾಡಿದೆ, ಪ್ರತಿ ಸಲವೂ ಅದು ನೀರಿನ ಸದ್ದಾಗುತ್ತೆ, ಟೇಪಿನ ಸದ್ದಾಗಲ್ಲ.

ಇಷ್ಟಾದ ಮೇಲೂ ಟೂ-ಇನ್-ಒನ್ ಬೇಕೇ ಬೇಕು ಅಂದರೆ, ಮಂಡ್ಯ ಕಡೆ ಬಂದಾಗ ನನ್ನದನ್ನೇ ತೆಗೆದುಕೊಂಡು ಹೋಗಿ. ರೇಡಿಯೋ ಚೆನ್ನಾಗಿದೆ.