ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್ ಬಂದರೂ ಕಾರ್ಯಕ್ರಮದ ಲೈವ್ ಮಧ್ಯೆ ಮಧ್ಯೆ ನಿಲ್ಲುತ್ತೆ, ಎರಡು ಸಿಮ್ ಹಾಕಿದರೆ ಸರಿಹೋಗುತ್ತಾ?

ನೀವು ಹೇಳ್ತಿರೋ 100 ಬಹುಶಃ ಡೌನ್‌ಲೋಡ್ ಲೆಕ್ಕ. ಲೈವ್‌ನಲ್ಲಿ ವಿಡಿಯೋ ನಿಮ್ಮಿಂದ ಹೊರಗೆ ಹೋಗಬೇಕು, ಹಾಗಾಗಿ ಅಪ್‌ಲೋಡ್ ನೋಡಿ. ಅದೂ ಕಾರ್ಯಕ್ರಮ ನಡೆಯೋ ಹೊತ್ತಿನಲ್ಲಿ ಎಷ್ಟಕ್ಕೆ ಇಳಿಯುತ್ತೆ ಅಂತ ನೋಡಿ.

ಇದನ್ನು ನಾನು ಮರ್ಯಾದೆ ಕಳ್ಕೊಂಡೇ ಕಲಿತದ್ದು. ಒಂದು ಸಭಾಂಗಣದಲ್ಲಿ ಬೆಳಿಗ್ಗೆ ಖಾಲಿ ಕುರ್ಚಿಗಳ ಮಧ್ಯೆ ಕೂತು ಮೊಬೈಲ್ ಹಾಟ್‌ಸ್ಪಾಟ್ ಪರೀಕ್ಷೆ ಮಾಡಿದಾಗ ಅಪ್‌ಲೋಡ್ 18 ಎಂಬಿಪಿಎಸ್ ಬಂತು. 6ರಲ್ಲಿ ಕಳಿಸಿದರೆ ಧಾರಾಳ ಆಯ್ತು ಅಂದ್ಕೊಂಡೆ. ಸಂಜೆ ಜನ ತುಂಬಿದರು. ಎಲ್ಲರ ಕೈಯಲ್ಲೂ ಮೊಬೈಲ್, ಎಲ್ಲಕ್ಕೂ ಅದೇ ಟವರ್. ಲೈವ್ ಕಳಿಸೋ ಸಾಫ್ಟ್‌ವೇರ್ ಒಬಿಎಸ್‌ನ ಮೂಲೆಯಲ್ಲಿರೋ ಹಸಿರು ಚೌಕ ಹಳದಿಯಾಯ್ತು, ಕೆಂಪಾಯ್ತು, ಡ್ರಾಪ್ಡ್ ಫ್ರೇಮ್ಸ್ (ಕಳಿಸಲಾಗದೆ ಬಿಟ್ಟ ಚಿತ್ರಗಳ ಲೆಕ್ಕ) ಏರುತ್ತಲೇ ಹೋಯ್ತು. ಸಿಗ್ನಲ್ ಕಡ್ಡಿಗಳು ಮಾತ್ರ ಕೊನೇತನಕ ಪೂರ್ತಿ! ಟವರ್‌ನ ಸಿಗ್ನಲ್ ಚೆನ್ನಾಗಿ ಸಿಗ್ತಿದೆ ಅನ್ನೋದಷ್ಟೇ ಆ ಕಡ್ಡಿಗಳಿಂದ ತಿಳಿಯೋದು, ಟವರ್‌ಗೆ ಬಿಡುವಿದೆಯಾ ಇಲ್ಲವಾ ತಿಳಿಯಲ್ಲ.

ಈಗ ಎಲ್ಲಿಗೆ ಹೋದರೂ ಮೊದಲು ರೂಟರ್ ಎಲ್ಲಿದೆ ಅಂತ ಕೇಳ್ತೀನಿ. ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೂ ಎಳೀಬಹುದು. ವೈಫೈ ಬೇಡ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ (1, 6, 11), ಸಾಲದ್ದಕ್ಕೆ ಜನರ ಮೈಯೂ ಸಿಗ್ನಲ್ ಹೀರುತ್ತೆ. ಅತಿಥಿಗಳಿಗೆ ಕೊಟ್ಟಿರೋ ವೈಫೈ ಇದೇ ಲೈನಿನದ್ದಾ ಅಂತಲೂ ವಿಚಾರಿಸಿ. ಹೌದಾದರೆ ಆ ಹೊತ್ತಿಗೆ ಅದನ್ನು ಆಫ್ ಮಾಡಿಸಿ, ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಕಳಿಸ್ತೀರಿ ಅನ್ನೋ ವಿಷಯದಲ್ಲಿ ಆಸೆ ಬೇಡ. ಅಳೆದ ಅಪ್‌ಲೋಡ್‌ನಲ್ಲಿ ಅತಿ ಕಡಿಮೆ ಬಂದದ್ದರ ಅರ್ಧ ಇಟ್ಟುಕೊಳ್ಳಿ. 720ಪಿ, 30 ಫ್ರೇಮ್‌ಗೆ 3ರಿಂದ 4 ಎಂಬಿಪಿಎಸ್ ಸಾಕು. ಚಿತ್ರ ಸ್ವಲ್ಪ ಮಂಜಾದರೆ ನೋಡುವವರು ಸಹಿಸ್ಕೊಳ್ತಾರೆ, ಚಕ್ರ ತಿರುಗೋಕೆ ಶುರುವಾದರೆ ಎದ್ದು ಹೋಗ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಸಿಬಿಆರ್ (ಬಿಟ್‌ರೇಟ್ ಏರಿಳಿಯದೆ ಒಂದೇ ಸಮ ಇರೋದು) ಆರಿಸಿ, ಕೀಫ್ರೇಮ್ (ಪೂರ್ತಿ ಚಿತ್ರ ಕಳಿಸೋ ಅಂತರ) 2 ಸೆಕೆಂಡ್ ಇಡಿ. 4ರಲ್ಲಿ ಕಳಿಸಿದರೆ ಗಂಟೆಗೆ 1.8 ಜಿಬಿ ಖರ್ಚು, ಸಿಮ್‌ನ ದಿನದ ಮಿತಿ ನೋಡ್ಕೊಳ್ಳಿ. ಅಂದ ಹಾಗೆ, ನೆಟ್ಟನ್ನು ಬೈಯೋ ಮೊದಲು ಒಬಿಎಸ್‌ನ ಸ್ಟ್ಯಾಟ್ಸ್ ತೆರೆದು ನೋಡಿ. ‘ಎನ್‌ಕೋಡಿಂಗ್ ಲ್ಯಾಗ್’ (ವಿಡಿಯೋ ಸಿದ್ಧಪಡಿಸೋದರಲ್ಲಿ ಆಗೋ ತಡ) ಏರ್ತಿದ್ದರೆ ಸೋತಿರೋದು ನಿಮ್ಮ ಲ್ಯಾಪ್‌ಟಾಪ್.

ಇನ್ನು ಎರಡು ಸಿಮ್. ಕನೆಕ್ಷನ್‌ಗಳನ್ನು ಸಿಮ್‌ಗಳಿಗೆ ಹಂಚೋ ಮಾಮೂಲಿ ಲೋಡ್ ಬ್ಯಾಲೆನ್ಸಿಂಗ್ ರೂಟರ್‌ಗೆ ಎರಡು ಸಿಮ್ ಹಾಕಿದರೆ ವೇಗ ಕೂಡಿಕೊಳ್ಳಲ್ಲ. ಸಾಮಾನ್ಯವಾಗಿ ಲೈವ್ ಅಂದರೆ ಒಂದೇ ಕನೆಕ್ಷನ್, ಅದು ಒಂದೇ ಸಿಮ್‌ನಲ್ಲಿ ಹೋಗುತ್ತೆ. ಫೇಲ್‌ಓವರ್ ಇದ್ದರೆ ಒಂದು ಸತ್ತಾಗ ಇನ್ನೊಂದಕ್ಕೆ ಬದಲಾಗುತ್ತೆ, ಆದರೆ ಐಪಿ ವಿಳಾಸವೂ ಬದಲಾಗೋದರಿಂದ ಲೈವ್ ಒಮ್ಮೆ ಕಡಿದು ಮತ್ತೆ ಸೇರಬೇಕು. ಕಡಿಯದೇ ನಡೀಬೇಕು ಅಂದರೆ ಬಾಂಡಿಂಗ್ ಬೇಕು. ಅಲ್ಲಿ ಡೇಟಾದ ಸಣ್ಣ ತುಂಡುಗಳಾದ ಪ್ಯಾಕೆಟ್‌ಗಳು ಎರಡೂ ಸಿಮ್‌ನಲ್ಲಿ ಹಂಚಿ ಹೋಗಿ, ಮಧ್ಯದ ಒಂದು ಸರ್ವರ್‌ನಲ್ಲಿ ಜೋಡಣೆಯಾಗಿ ಮುಂದೆ ಹೋಗ್ತವೆ. ಯಾವುದೇ ಆಗಲಿ, ಎರಡೂ ಒಂದೇ ಕಂಪನಿಯ ಸಿಮ್ ಬೇಡ. ಟವರ್ ಗಿಜಿಗುಟ್ಟಿದರೆ ಎರಡೂ ಒಟ್ಟಿಗೇ ಮಲಗ್ತವೆ.

ಲೈವ್ ಒತ್ತುವಾಗ ಪಕ್ಕದ ರೆಕಾರ್ಡಿಂಗ್ ಬಟನ್ನೂ ಒತ್ತಿ. ಆ ಸಂಜೆ ನಾನು ಒತ್ತಿದ್ದೆ, ಮಾರನೇ ದಿನ ಪೂರ್ತಿ ಕಾರ್ಯಕ್ರಮ ಅಪ್‌ಲೋಡ್ ಮಾಡಿದ್ದು ಅದರಿಂದಲೇ.