ಮೊದಲು ಸ್ಪೇರ್ ಪಾರ್ಟ್ಸ್ ವಿಚಾರಿಸಿ

ಪ್ರಶ್ನೆ: ಕಡಿಮೆ ಬೆಲೆಯ ಚೀನಾ ತಯಾರಿಕೆಯ ಹೊಸ 125 ಸಿಸಿ ಬೈಕ್ ತಗೊಳ್ಳಬಹುದಾ ಸರ್? ಹೇಗೆ ನೋಡಿಕೊಳ್ಳಬೇಕು?
- ಓದುಗರು, ಬದಿಯಡ್ಕ

ಉತ್ತರ: ತಗೊಳ್ಳಿ. ಆದರೆ ಅದರ ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಸಿಗುತ್ತಾ ಅಂತ ಮೊದಲು ವಿಚಾರಿಸಿ. ಸಿಗದಿದ್ದರೆ ಬೇಡ, ಎಷ್ಟೇ ಚಂದ ಕಂಡರೂ.

ಹೊಸ ಎಂಜಿನ್ ಒಳಗೆ ಲೋಹ ಸವೆದು ನುಣ್ಣನೆ ಪುಡಿ ಆಯಿಲ್‌ಗೆ ಸೇರುತ್ತದೆ. ನಮ್ಮ ಗ್ಯಾರೇಜಿನಲ್ಲಿ ಮೊದಲ ಆಯಿಲ್ ಇಳಿಸುವಾಗ ಅದು ಟ್ರೇಯಲ್ಲಿ ಬಿಸಿಲಿಗೆ ಮಿನುಗುವುದು ಕಾಣುತ್ತದೆ. ಹಾಗಾಗಿ ಮೊದಲ ಆಯಿಲ್ ಬದಲಿಸಲು ಮ್ಯಾನುಯಲ್ ಹೇಳಿದ ಕಿಲೋಮೀಟರ್ ದಾಟಿಸಲೇಬೇಡಿ. ಸಾಮಾನ್ಯವಾಗಿ ಅದು 500ರಿಂದ 1000ದೊಳಗೆ ಇರುತ್ತದೆ. ಆಗಲೇ ನಟ್ಟು ಬೋಲ್ಟೆಲ್ಲ ಬಿಗಿ ಮಾಡಿಸಿ.

ನಮ್ಮ ಕಡೆಯ ಮಳೆಗೆ ಚೈನು ಬೇಗ ತುಕ್ಕು ಹಿಡಿಯುತ್ತದೆ, ಅಲ್ವಾ? ನೆನೆದ ದಿನವೇ ಒರೆಸಿ ಲ್ಯೂಬ್ ಹಾಕಿ. ಬ್ಯಾಟರಿ ಟರ್ಮಿನಲ್‌ಗೆ ಸ್ವಲ್ಪ ವ್ಯಾಸ್ಲಿನ್ ಸವರಿ.