ಐಸಿಯುನಲ್ಲಿ ವಾರಕ್ಕೆ ಎರಡೇ ಶಿಫ್ಟ್ ಮಾಡ್ತೀನಿ. ಐಸಿಯು ನರ್ಸ್‌ಗಳ ಸಿಸಿಆರ್‌ಎನ್ ಸರ್ಟಿಫಿಕೇಟ್ ಪರೀಕ್ಷೆಗೆ ಬೇಕಾದ ಗಂಟೆ ತುಂಬಿಸಲು ಬೇರೆ ಕಡೆ ಫುಲ್ ಟೈಮ್ ಸೇರಬೇಕಾ?

ಬೇಡ. ಇದ್ದಲ್ಲೇ ಇರಿ. ಇದೇ ಗಂಟೆ ಲೆಕ್ಕದಲ್ಲಿ ಮುಗ್ಗರಿಸಿದವಳು ನಾನು, ಅದಕ್ಕೇ ಬರೀತಿದ್ದೀನಿ.

ಅಮೆರಿಕದ ಐಸಿಯು ಒಂದರಲ್ಲಿ ನನ್ನದು 12 ಗಂಟೆಯ ಶಿಫ್ಟ್, ವಾರಕ್ಕೆ ಮೂರು. ಹೆರಿಗೆಗೆ 12 ವಾರ ರಜೆ ಹಾಕಿದ್ದೆ. ವಾಪಸ್ ಬಂದಾಗ ವಿಪರೀತ ಸೊಂಟನೋವು, ವೆಂಟಿಲೇಟರ್ ಮೇಲಿರುವವರನ್ನು ಮಗ್ಗುಲಿಗೆ ಹೊರಳಿಸಲು ಆಗುತ್ತಿರಲಿಲ್ಲ. ಮ್ಯಾನೇಜರ್ ಪಾಪ, 16 ವಾರ ಚಾರ್ಟ್ ಆಡಿಟ್‌ಗೆ ಕೂರಿಸಿದರು. ಸೆಂಟ್ರಲ್ ಲೈನ್ ಡ್ರೆಸ್ಸಿಂಗ್ ಯಾವತ್ತು ಬದಲಿಸಿದ್ದಾರೆ, ಬರೆದಿದ್ದಾರಾ ಇಲ್ಲವಾ ಅಂತ ಟಿಕ್ ಹಾಕುವ ಕೆಲಸ. ಕೂತಿದ್ದು ಐಸಿಯು ಒಳಗಿನ ಪುಟ್ಟ ರೂಮಿನಲ್ಲೇ, ಮಾನಿಟರ್ ಅಲಾರಂ ದಿನವಿಡೀ ಕಿವಿಗೆ ಬೀಳುತ್ತಿತ್ತು. ಆಮೇಲೆ 24 ವಾರ ಒಂದು ದಿನವೂ ತಪ್ಪಿಸದೆ ಬೆಡ್‌ಸೈಡ್‌ನಲ್ಲಿ ದುಡಿದೆ.

ಆಸ್ಪತ್ರೆಯ ಕ್ಲಿನಿಕಲ್ ಲ್ಯಾಡರ್, ಅಂದರೆ ನರ್ಸ್‌ಗಳ ಬಡ್ತಿ ಏಣಿಯ ಗಡುವು ಹತ್ತಿರವಾಗಿತ್ತು. ಸರ್ಟಿಫಿಕೇಟ್ ಇದ್ದರೆ ಒಂದು ಮೆಟ್ಟಿಲು ಮೇಲೆ, ಸಂಬಳವೂ ಮೇಲೆ. ಒಂದು ರಾತ್ರಿ ಮಗುವನ್ನು ಮಲಗಿಸಿ, ಪೇ ಸ್ಲಿಪ್‌ಗಳನ್ನು ಹರಡಿಕೊಂಡು ಕೂಡಿಸಿದೆ. ಹೋದ ಒಂದು ವರ್ಷದ್ದೇ 1,440 ಗಂಟೆ! ಸಹಿ ಹಾಕಿ ಅರ್ಜಿ ಕಳಿಸಿಬಿಟ್ಟೆ.

ನನ್ನ ತಪ್ಪು ಆ ಪೇ ಸ್ಲಿಪ್. ಇದನ್ನು ಬಿಡಿಸಿ ಹೇಳಲೇಬೇಕು. ಸಂಬಳ ಕೊಡುವವರಿಗೆ ನೀವು ರೋಗಿಯ ಪಕ್ಕ ನಿಂತಿರೋ ಕುರ್ಚಿಯಲ್ಲಿ ಕೂತಿರೋ ಎರಡೂ ಒಂದೇ. ಸಿಸಿಆರ್‌ಎನ್ ಕೊಡುವ ಎಎಸಿಎನ್‌ಗೆ, ಅಂದರೆ ಅಮೆರಿಕದ ಕ್ರಿಟಿಕಲ್ ಕೇರ್ ನರ್ಸ್‌ಗಳ ಸಂಘಕ್ಕೆ, ಹಾಗಲ್ಲ. ಅವರ ಎರಡು ವರ್ಷದ ದಾರಿಯಲ್ಲಿ ರೋಗಿಗಳ ನೇರ ಆರೈಕೆಯ 1,750 ಗಂಟೆ ಬೇಕು, ಅದರಲ್ಲಿ 875 ಅರ್ಜಿ ಹಾಕುವ ಹಿಂದಿನ ಒಂದು ವರ್ಷದೊಳಗೇ ಆಗಿರಬೇಕು. ಜನವರಿಯಿಂದ ಡಿಸೆಂಬರ್ ಅಲ್ಲ, ಅರ್ಜಿಯ ದಿನದಿಂದ ಹಿಂದಕ್ಕೆ ಎಣಿಸಿ. ನನ್ನ ಅರ್ಜಿ ಪರಿಶೀಲನೆಗೆ ಬಿತ್ತು. ಮ್ಯಾನೇಜರ್ ಶೆಡ್ಯೂಲ್ ತೆಗೆದು, ನಾನು ರೋಗಿಗಳನ್ನು ತೆಗೆದುಕೊಂಡ ದಿನಗಳನ್ನಷ್ಟೇ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದರು. ನಾನು ಎದುರಿಗೇ ಕೂತಿದ್ದೆ. 24 ವಾರ, ವಾರಕ್ಕೆ 36. ಒಟ್ಟು 864.

ಹನ್ನೊಂದು ಗಂಟೆ ಕಡಿಮೆ. ಒಂದು ಶಿಫ್ಟೂ ಅಲ್ಲ ಸ್ವಾಮಿ! ಒಂದೇ ವಾರ ತಡೆದಿದ್ದರೆ ಹಿಂದಿನ ತುದಿಯಿಂದ ರಜೆಯ ಒಂದು ವಾರ ಉದುರಿ, ಈ ತುದಿಗೆ 36 ಸೇರಿ, 900 ಆಗುತ್ತಿತ್ತು. ಅರ್ಜಿ ತಿರಸ್ಕಾರವಾಯಿತು, ಗಡುವೂ ದಾಟಿತು, ಆ ವರ್ಷದ ಲ್ಯಾಡರ್ ಕೈತಪ್ಪಿತು. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದವಳ ಹಾಗೆ ಅವರೆದುರು ಕೂತಿದ್ದು ಇವತ್ತಿಗೂ ಚುಚ್ಚುತ್ತೆ.

ಈಗ ನಿಮ್ಮ ವಿಷಯ. ನಿಮಗೆ ಗಂಟೆ ಕಮ್ಮಿ ಅಂತ ಹೇಳಿದವರು ಯಾರು? ಫುಲ್ ಟೈಮ್ ಮಾಡಿರಬೇಕು ಅಂತ ನಿಯಮವೇ ಇಲ್ಲ. ಶಿಫ್ಟ್ 12 ಗಂಟೆಯದ್ದಾದರೆ ವಾರಕ್ಕೆ 24, ವರ್ಷಕ್ಕೆ 50 ವಾರ ಅಂದುಕೊಂಡರೂ 1,200. ಎರಡು ವರ್ಷ ಹೀಗೇ ಮಾಡಿದ್ದರೆ 2,400, ಬೇಕಾದ್ದಕ್ಕಿಂತ ಜಾಸ್ತಿ. ನಾಳೆ ವಾರಕ್ಕೆ ಒಂದೇ ಶಿಫ್ಟಿಗೆ ಇಳಿದರೂ ಐದು ವರ್ಷದ ದಾರಿ ಇದೆ: ನರ್ಸ್ ಆಗಿ ಐದು ವರ್ಷ, 2,000 ಗಂಟೆ, ಕೊನೆಯ ವರ್ಷದಲ್ಲಿ ಬರೀ 144. ಅಂದರೆ ಹನ್ನೆರಡೇ ಶಿಫ್ಟ್. ಸ್ಟೆಪ್-ಡೌನ್‌ಗೆ (ಐಸಿಯುಗಿಂತ ಕಡಿಮೆ ಗಂಭೀರ ರೋಗಿಗಳ ವಾರ್ಡ್‌ಗೆ) ನಿಮ್ಮನ್ನು ಆಗಾಗ ಕಳಿಸುತ್ತಿದ್ದರೆ ಮಾತ್ರ ಹುಷಾರು, ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕ್ರಿಟಿಕಲ್ ರೋಗಿಗಳದ್ದೇ ಆಗಿರಬೇಕು. ಹೊಸಬರಿಗೆ ಬೆಡ್‌ಸೈಡ್‌ನಲ್ಲೇ ನಿಂತು ಕಲಿಸಿದ ಗಂಟೆ ಲೆಕ್ಕಕ್ಕೆ ಬರುತ್ತೆ, ಕ್ಲಾಸ್‌ರೂಮಿನದ್ದು ಬರಲ್ಲ.

ಅರ್ಜಿ ತುಂಬುವ ಮುಂಚೆ ಶೆಡ್ಯೂಲ್ ಪ್ರಿಂಟ್ ತೆಗೆದುಕೊಂಡು ಮ್ಯಾನೇಜರ್ ಜೊತೆ ಒಂದು ಅರ್ಧ ಗಂಟೆ ಕೂತುಬಿಡಿ. ಹೇಗೂ ನಿಮ್ಮ ಗಂಟೆ ನಿಜ ಅಂತ ಹೇಳಬಲ್ಲ ಒಬ್ಬರ ಹೆಸರು ಅರ್ಜಿಯಲ್ಲಿ ಕೊಡಬೇಕು. ಎರಡನೇ ಸಲ ನಾನು ಅದನ್ನೇ ಮಾಡಿದೆ, ಪೆನ್ಸಿಲ್ ನಾನೇ ಒಯ್ದಿದ್ದೆ.